ತುಮಕೂರಿನಲ್ಲಿ ರಸ್ತೆ ಹೊಸದು ಮಾಡುವಾಗ ಬೀದಿ ವ್ಯಾಪಾರಿಗಳ ಗತಿ ಏನು?

ರಸ್ತೆ ಚೆಂದ ಆಗುತ್ತದೆ, ಗಿರಾಕಿ ಚದುರುತ್ತಾರೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆ ಅಗೆದದ್ದೇ ಅಗೆದದ್ದು. ಧೂಳು ಕುಡಿದವರು ನಾವೇ ಅಲ್ವಾ!

ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವವರ ವ್ಯಾಪಾರ ನಡೆಯುವುದೇ ಬಸ್ಸಿಗೆ ಓಡುವವರಿಂದ. ಸುಮ್ನೆ ಇನ್ನೂರು ಅಡಿ ಆಚೆ ಕೂರಿಸಿದರೂ ಸಾಕು, ಮೊಳ ಎಷ್ಟು ಅಂತ ಕೇಳುವವರಿಲ್ಲ. ಸಂಜೆಗೆ ಮಲ್ಲಿಗೆ ಕಂದು ತಿರುಗಿರುತ್ತದೆ. ಬಾಡಿಗೆ ಅಂಗಡಿಯವರದು ಬೇರೆ ಕಷ್ಟ: ರಸ್ತೆ ಸರಿಹೋದರೆ ಬಾಡಿಗೆಯೂ ಜಾಸ್ತಿ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಕೊಡಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ಮೊದಲು ಪಾಲಿಕೆಯಿಂದ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಹಳೇ ಸುಂಕದ ರಸೀದಿ ಇದ್ದರೆ ಎಸೆಯಬೇಡಿ, ಮೊದಲಿಂದ ವ್ಯಾಪಾರ ಮಾಡುತ್ತಿದ್ದಿರಿ ಅನ್ನೋದಕ್ಕೆ ಅದು ಸಾಕ್ಷಿ.