ಕಾರವಾರ ಬಂದರಿನ ಚರಿತ್ರೆಗೆ ಆಕರಗಳನ್ನು ಎಲ್ಲಿ ಹುಡುಕಬೇಕು?

ಹತ್ತೊಂಬತ್ತನೆಯ ಶತಮಾನದ ಕಾರವಾರ ಬಂದರಿನ ಮೇಲೆ ಎಂ.ಎ. ಕಿರುಪ್ರಬಂಧ ಬರೆಯಹೊರಟಿರುವ ತಾವು, ಕಾಲೇಜಿನ ಗ್ರಂಥಾಲಯದಲ್ಲಿ ಎರಡೇ ಪುಸ್ತಕಗಳು ಸಿಕ್ಕಿವೆ, ಅಂತರ್ಜಾಲದಲ್ಲಿ ಕಡಲತೀರದ ಪ್ರವಾಸದ ವಿವರಗಳಷ್ಟೇ ಇವೆ, ಮುಂದೇನು ಮಾಡಲಿ ಎಂದು ಕೇಳಿದ್ದೀರಿ. ಇದೇ ಕರಾವಳಿಯ ಭೂಕಂದಾಯದ ಬಗ್ಗೆ ಕೆಲಸ ಮಾಡುವಾಗ ನಾನೂ ಇಂಥದ್ದೇ ಇಕ್ಕಟ್ಟಿನಲ್ಲಿದ್ದೆ.

ಎಲ್ಲಕ್ಕಿಂತ ಮೊದಲು 1862ನೆಯ ಇಸವಿಯನ್ನು ಗಮನದಲ್ಲಿಡಿ. ಅದುವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು ಆ ವರ್ಷ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು; ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಈ ಬಂದರಿನಿಂದ ಹಡಗಿಗೇರಿಸುವ ಆಸೆಯೇ ಅದರ ಹಿಂದಿತ್ತು. ಹೀಗಾಗಿ ಮೊದಲಿನ ಸರಕಾರಿ ಪತ್ರವ್ಯವಹಾರವನ್ನು ಚೆನ್ನೈ ಪತ್ರಾಗಾರದಲ್ಲಿಯೂ ಅನಂತರದ್ದನ್ನು ಮುಂಬಯಿ ಪತ್ರಾಗಾರದಲ್ಲಿಯೂ ಹುಡುಕಬೇಕಾಗುತ್ತದೆ. ಇದನ್ನರಿಯದೆ ನಾನು 1850ರ ದಶಕದ ಕಡತಗಳಿಗಾಗಿ ಮುಂಬಯಿಯ ಸೂಚಿಗಳನ್ನು ಹದಿನೈದು ದಿನ ತಿರುವಿಹಾಕಿ ಬರಿಗೈಯಲ್ಲಿ ಊರಿಗೆ ಮರಳಿದ್ದೆ.

ಆದರೆ ಪತ್ರಾಗಾರಕ್ಕೆ ಹೊರಡುವ ಮುನ್ನ 1883ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರ್ ಎಂಬ, ಜಿಲ್ಲೆಗಳ ವಿವರಗಳನ್ನು ಸರಕಾರವೇ ಸಂಕಲಿಸಿದ ಗ್ರಂಥಮಾಲೆಯ ಹದಿನೈದನೆಯ ಸಂಪುಟವನ್ನು, ಅಂದರೆ ಕೆನರಾ (ಉತ್ತರ ಕನ್ನಡದ ಅಂದಿನ ಇಂಗ್ಲಿಷ್ ಹೆಸರು) ಜಿಲ್ಲೆಯ ಎರಡು ಭಾಗಗಳನ್ನು, ಓದಿ ಮುಗಿಸಿ; ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹಳೆಯದೆಂಬ ಕಾರಣಕ್ಕೆ ಅದನ್ನೇ ಪ್ರಾಥಮಿಕ ಆಕರ, ಅಂದರೆ ಘಟನೆಯ ಕಾಲದ ನೇರ ದಾಖಲೆ, ಎಂದು ಹಲವರು ಉಲ್ಲೇಖಿಸುತ್ತಾರೆ, ನನಗದು ಒಪ್ಪಿಗೆಯಿಲ್ಲ. 1883ರ ಅಧಿಕಾರಿಗಳು ಜಿಲ್ಲೆಯನ್ನು ಹೇಗೆ ಕಂಡರು ಎಂಬುದಕ್ಕೆ ಅದು ಪ್ರಾಥಮಿಕ ಆಕರ ಹೌದು, ಆದರೆ 1862ರ ಘಟನೆಗೆ ಅದು ಬೇರೆ ವರದಿಗಳನ್ನು ಆಧರಿಸಿ ಬರೆದದ್ದು. ಅದರ ಅಡಿಟಿಪ್ಪಣಿಗಳನ್ನು ಹಿಡಿದು ಹೋದರೆ ಮೂಲ ವರದಿಗಳ ಸುಳಿವು ಸಿಗುತ್ತದೆ. ಅಂದಹಾಗೆ, ದೋಣಿ ನಡೆಸಿದ ಖಾರ್ವಿ, ಹರಿಕಂತ್ರ ಮೀನುಗಾರ ಸಮುದಾಯಗಳ ಮಾತು ಆ ಪುಟಗಳಲ್ಲಿ ಕೇಳಿಸುವುದಿಲ್ಲ. ಅದಕ್ಕೆ ಕಾರವಾರದ ಕೋಡಿಬಾಗ, ಬೈತಖೋಲಗಳ ಹಿರಿಯರ ಬಳಿ ಕುಳಿತುಕೊಳ್ಳಬೇಕು.

ಹುಡುಕುವ ಪದವೂ ಮುಖ್ಯ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಕಾರವಾರ ‘ಕೆ’ ಅಕ್ಷರದ ಬದಲು ‘ಸಿ’ಯಿಂದಲೂ ಆರಂಭವಾಗುತ್ತದೆ, ಹೊನ್ನಾವರ ‘ಒನೋರ್’ ಆಗಿರುತ್ತದೆ, ಈ ಬಂದರಿನ ಚರ್ಚೆಯೇ ಎಷ್ಟೋ ಕಡೆ ಕಾಳಿ ನದಿಯಾಚೆಯ ಸದಾಶಿವಗಡದ ಹೆಸರಿನಲ್ಲಿ, ಅದೂ ‘ಸೆದಾಶೆಗರ್’ ಎಂದು ಅಪಭ್ರಂಶಗೊಂಡು, ನಡೆದಿದೆ. ಭಾರತದ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳನ್ನಿಟ್ಟಿರುವ ಶೋಧಗಂಗಾ ಜಾಲತಾಣದ ಪಿಎಚ್.ಡಿ. ಪ್ರಬಂಧಗಳಲ್ಲಿ ಮೊದಲು ಗ್ರಂಥಸೂಚಿಯನ್ನು ನೋಡಿ, ಬೇಕೆನಿಸಿದರೆ ಮಾತ್ರ ಅಧ್ಯಾಯಗಳಿಗೆ ಬನ್ನಿ. ಧಾರವಾಡದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದಾಗ, ಬಂದರಿನ ಪುಸ್ತಕ ಇದೆಯೇ ಎಂದು ಕೇಳುವ ಬದಲು ಇಸವಿ, ಇಲಾಖೆ, ಹಳೆಯ ಕಾಗುಣಿತ ಮೂರನ್ನೂ ಬರೆದ ಚೀಟಿಯನ್ನು ಗ್ರಂಥಪಾಲಕರ ಕೈಗೆ ಕೊಡಿ.