ಹಳೇ ಫೋಟೋದಲ್ಲಿರುವ ಸ್ಕೂಬಾ (ನೀರಿನಡಿ ಉಸಿರಾಡುತ್ತಾ ಈಜುವ) ಸಾಮಾನು ಯಾವ ಕಾಲದ್ದು ಅಂತ ಗುರುತಿಸೋದು ಹೇಗೆ?

ಮೊದಲು ಬಾಯಿಯ ಹತ್ತಿರ ನೋಡಿ. ಅಲ್ಲಿಂದ ಎರಡೂ ಭುಜದ ಮೇಲೆ ಹಾದು ಬೆನ್ನಿಗೆ ಹೋಗುವ ಸುಕ್ಕುಸುಕ್ಕಾದ ದಪ್ಪ ರಬ್ಬರ್ ಕೊಳವೆಗಳಿದ್ದರೆ, ಅದು ಫ್ರಾನ್ಸಿನಲ್ಲಿ ಕೂಸ್ಟೋ ಮತ್ತು ಗಾನ್ಯಾನ್ 1943ರಲ್ಲಿ ರೂಪಿಸಿದ ಆಕ್ವಾಲಂಗ್ ಮಾದರಿಯ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡಲು ತಕ್ಕಂತೆ ಕೊಡುವ ಸಾಧನ. ಕೊಳವೆ ಮಸುಕಾಗಿದೆಯಾ? ಗುಳ್ಳೆ ನೋಡಿ. ಈ ಎರಡು ಕೊಳವೆಯದ್ದರಲ್ಲಿ ಗುಳ್ಳೆಗಳು ಕತ್ತಿನ ಹಿಂದಿನಿಂದ ಏಳುತ್ತವೆ, ಒಂದೇ ಕೊಳವೆಯದ್ದರಲ್ಲಿ ಬಾಯಿಯ ಪಕ್ಕದಿಂದ. ಈ ಎರಡನೆಯದು 1960ರ ದಶಕದಲ್ಲಿ ಜಾಸ್ತಿಯಾಯಿತು.

ಸಿಲಿಂಡರ್ ಪಕ್ಕದಲ್ಲಿ ಸೊಂಟದವರೆಗೆ ಇಳಿದ ತೆಳ್ಳಗಿನ ಕಂಬಿ ಕಂಡರೆ, ಅದು ಕೊನೆಗೆ ಸ್ವಲ್ಪ ಗಾಳಿ ಉಳಿಸಿಡುವ ರಿಸರ್ವ್ ವಾಲ್ವಿನದು. ಆಗ ಎಷ್ಟೋ ಜನರ ಹತ್ತಿರ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಪ್ರೆಶರ್ ಗೇಜ್ ಇರುತ್ತಿರಲಿಲ್ಲ. ಉಸಿರು ಎಳೆಯೋದು ಕಷ್ಟವಾದಾಗ ಕಂಬಿ ಎಳೆದು, ಉಳಿದ ಗಾಳಿಯಲ್ಲಿ ಮೇಲೆ ಬರುತ್ತಿದ್ದರು. ಧೈರ್ಯ ನೋಡಿ!

ಜಾಕೆಟ್ ಥರದ ಗಾಳಿಚೀಲ ತೊಟ್ಟಿದ್ದರೆ ಫೋಟೋ 1970ರ ದಶಕದ್ದು ಅಥವಾ ಆಮೇಲಿನದು. ಆದರೆ ಹಳೇ ಸಾಮಾನನ್ನು ವರ್ಷಗಟ್ಟಲೆ ಬಳಸುವವರೂ ಇದ್ದರು. ಹಾಗಾಗಿ ಚಿತ್ರದಲ್ಲಿರುವ ಎಲ್ಲಕ್ಕಿಂತ ಹೊಸ ವಸ್ತು ನೋಡಿಯೇ ಕಾಲ ಲೆಕ್ಕ ಹಾಕಿ.