ಓದುಗರ ಪ್ರಶ್ನೆ: ಎಂಟು ದಿನಕ್ಕೆ ಇಡೀ ಇಟಲಿಯೋ, ಟಸ್ಕನಿ ಒಂದೇ ಸಾಕೋ?

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ನಿವೃತ್ತ ಶಿಕ್ಷಕರು. ಮಗ ಜರ್ಮನಿಯಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಬನ್ನಿ, ಎಂಟು ದಿನ ಇಟಲಿ ನೋಡೋಣ ಅಂತಾನೆ. ರೋಮ್, ವೆನಿಸ್, ಮಿಲಾನ್, ಫ್ಲಾರೆನ್ಸ್ ಎಲ್ಲಾ ಒಂದೇ ಸಲ ಆಗುತ್ತದೆಯೇ? ಟಸ್ಕನಿ ಒಂದೇ ನೋಡಿ ಎನ್ನುವವರೂ ಇದ್ದಾರೆ. ನನಗೆ ಮೊಣಕಾಲು ನೋವಿದೆ.
– ಓದುಗರು, ವಿಜಯಪುರ

ಉತ್ತರ: ಸರ್, ಟಸ್ಕನಿ (ಫ್ಲಾರೆನ್ಸ್ ಇರುವ ಪ್ರಾಂತ್ಯ) ಒಂದೇ ನೋಡಿ ಅಂದವರ ಮಾತು ಕೇಳಿ. ಎಂಟು ದಿನಕ್ಕೆ ನಾಲ್ಕು ದೊಡ್ಡ ಊರು ಅಂದ್ರೆ ಬ್ಯಾಗ್ ಕಟ್ಟೋದು, ಬಿಚ್ಚೋದು ಇಷ್ಟೇ ಆಗುತ್ತದೆ. ಫ್ಲಾರೆನ್ಸ್‌ನಲ್ಲಿ ಐದು ರಾತ್ರಿ, ಲುಕ್ಕಾದಲ್ಲಿ ಉಳಿದ ರಾತ್ರಿ ಇರಿ. ಬೇರೆ ಊರುಗಳಿಗೆ ಅಲ್ಲಿಂದಲೇ ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ನೀವು ಗೋಳಗುಮ್ಮಟದ ಊರಿನವರು, ಹಾಗಾಗಿ ಫ್ಲಾರೆನ್ಸ್‌ನ ಕ್ಯಾಥೆಡ್ರಲ್ (ಮುಖ್ಯ ಚರ್ಚು) ಗುಮ್ಮಟವನ್ನು ಬೇರೆಯವರಿಗಿಂತ ಚೆನ್ನಾಗಿ ನೋಡಬಲ್ಲಿರಿ. ನಮ್ಮದು ಮುಗಿದದ್ದು 1656ರಲ್ಲಿ, ಹೊರಗಿನ ಅಳತೆ ಸುಮಾರು 44 ಮೀಟರ್. ಅವರದು 1436ರಲ್ಲೇ ಮುಗಿದಿತ್ತು, ಒಳಗಿನ ಅಗಲವೇ ಹೆಚ್ಚುಕಡಿಮೆ ಅಷ್ಟಿದೆ. ಆದರೆ ಕಟ್ಟಿದ ರೀತಿ ಪೂರ್ತಿ ಬೇರೆ. ನಮ್ಮದು ದುಂಡಗೆ, ಒಂದನ್ನೊಂದು ಹಾದುಹೋಗುವ ಕಮಾನುಗಳ ಮೇಲೆ ಕೂತಿದೆ. ಅವರದು ಎಂಟು ಮೂಲೆಯದು, ಒಂದರೊಳಗೆ ಒಂದು ಎರಡು ಗುಮ್ಮಟ. ಬ್ರುನೆಲೆಸ್ಕಿ ಎಂಬಾತ 1420ರಲ್ಲಿ ಕೆಲಸ ಶುರುಮಾಡಿ, ನೆಲದಿಂದ ಮರದ ಆಸರೆ ಕೊಡದೆಯೇ ಅದನ್ನು ಎಬ್ಬಿಸಿದ. ಸಾಲುಗಳ ನಡುನಡುವೆ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೆಣೆದಂತೆ ಕಟ್ಟಿದ್ದರಿಂದ, ಗಾರೆ ಒಣಗುವ ತನಕ ಅವು ಒಂದನ್ನೊಂದು ಹಿಡಿದುಕೊಂಡವು. ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲೇ ಮೆಟ್ಟಿಲು. ಹತ್ತುವಾಗ ಗೋಡೆ ನಿಮ್ಮ ಕಡೆ ವಾಲಿಕೊಂಡು ಬರುತ್ತದೆ, ಆ ಇಟ್ಟಿಗೆ ಹೆಣಿಗೆ ಮುಖದ ಹತ್ತಿರವೇ ಕಾಣುತ್ತದೆ.

ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಕಿರಿದು. ನೀವು ಹತ್ತಬೇಡಿ ಸರ್, ದಯವಿಟ್ಟು. ಮಗ ಹತ್ತಲಿ, ಅವನ ಟಿಕೆಟ್ಟನ್ನು ಸಮಯ ಗೊತ್ತುಮಾಡಿ ಮೊದಲೇ ತೆಗೆಸಿಡಿ. ನೀವು ಅಷ್ಟೊತ್ತು ಪಕ್ಕದ ಕ್ಯಾಥೆಡ್ರಲ್ ಮ್ಯೂಸಿಯಂನಲ್ಲಿರಿ. ಮೈಕೆಲ್ಯಾಂಜೆಲೊ ಮುಪ್ಪಿನಲ್ಲಿ ಕೆತ್ತಿದ ಪಿಯೆಟಾ (ಸತ್ತ ಯೇಸುವನ್ನು ಹಿಡಿದುಕೊಂಡವರ ಶಿಲ್ಪ) ಅಲ್ಲೇ ಇದೆ, ಅದರ ಮುಂದೆ ಜನರೂ ಕಡಿಮೆ. ಅವನ ಡೇವಿಡ್ ಪ್ರತಿಮೆ ಇರುವುದು ಅಕಾಡೆಮಿಯಾ ಮ್ಯೂಸಿಯಂನಲ್ಲಿ, ಐದು ಮೀಟರ್‌ಗಿಂತ ಜಾಸ್ತಿ ಎತ್ತರ. ಅಕಾಡೆಮಿಯಾ, ಉಫಿಜಿ ಚಿತ್ರಶಾಲೆ ಎರಡೂ ಸೋಮವಾರ ಬಂದ್. ಸೋಮವಾರ ಬೇರೆ ಊರಿಗೆ ಹೋಗುವ ದಿನ ಅಂತ ಇಟ್ಟುಕೊಳ್ಳಿ.

ಲುಕ್ಕಾ ನಿಮ್ಮ ಕಾಲಿಗೆ ಹೇಳಿ ಮಾಡಿಸಿದ ಊರು. ಊರ ಸುತ್ತ ನಾಲ್ಕು ಕಿಲೋಮೀಟರ್‌ಗೂ ಉದ್ದದ ಕೋಟೆಗೋಡೆ, ಅದರ ಮೇಲೆ ಸಾಲುಮರ, ಅಗಲವಾದ ಸಮತಟ್ಟು ದಾರಿ. ಸಂಜೆ ಊರಿನವರೆಲ್ಲ ಅಲ್ಲೇ ವಾಕಿಂಗ್ ಬರುತ್ತಾರೆ. ಅಲ್ಲಿಂದ ಪೀಸಾ ರೈಲಿನಲ್ಲಿ ಅರ್ಧ ಗಂಟೆ, ಅರ್ಧ ದಿನ ಸಾಕು. 1173ರಲ್ಲಿ ಶುರುವಾದ ಅಲ್ಲಿನ ಪ್ರಸಿದ್ಧ ವಾಲುಗೋಪುರ ಮೆತ್ತನೆ ಮಣ್ಣಿನಿಂದಾಗಿ ಕಟ್ಟುವಾಗಲೇ ವಾಲಿತು. 1990ರಲ್ಲಿ ಮುಚ್ಚಿ, ಎತ್ತರದ ಬದಿಯ ಕೆಳಗಿನ ಮಣ್ಣು ನಿಧಾನವಾಗಿ ತೆಗೆದು ಒಂಚೂರು ನೆಟ್ಟಗೆ ಮಾಡಿ, 2001ರಲ್ಲಿ ಮತ್ತೆ ತೆರೆದರು.

ಸಿಯೆನಾಗೆ ಫ್ಲಾರೆನ್ಸ್‌ನಿಂದ ಬಸ್ಸಿನಲ್ಲೇ ಹೋಗಿ, ರೈಲಲ್ಲಿ ಬೇಡ. ರೈಲ್ವೆ ಸ್ಟೇಷನ್ ಗುಡ್ಡದ ಕೆಳಗಿದೆ, ಬಸ್ಸು ಹಳೇ ಊರಿನ ಹತ್ತಿರ ಬಿಡುತ್ತದೆ. ಅಲ್ಲಿನ ಇಳಿಜಾರು ಇಟ್ಟಿಗೆ ಚೌಕದಲ್ಲಿ ಜನ ನೆಲದ ಮೇಲೆಯೇ ಕೂರುತ್ತಾರೆ, ನೀವೂ ಕೂತುಬಿಡಿ. ಜುಲೈ 2 ಮತ್ತು ಆಗಸ್ಟ್ 16ಕ್ಕೆ ಕುದುರೆ ಓಟ ನಡೆಯುವುದು ಅದರ ಸುತ್ತಲೇ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ. ಟಸ್ಕನಿಯಲ್ಲಿ ಬರೀ ಬ್ರೆಡ್ ತಿಂದು ಇರಬೇಕಾ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ ಅಕ್ಕಾ, ಬಹಳ ಇದೆ. ಪೀಸಾ, ಲುಕ್ಕಾ ಕಡೆ ಚೆಚೀನಾ ಸಿಗುತ್ತದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸಿ, ಬಿಸಿಬಿಸಿ ಕತ್ತರಿಸಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ನಮ್ಮ ಝುಣಕದ ವಡಿಗೆ ಖಾರ ಹಾಕದಿದ್ದರೆ ಹೇಗೋ ಹಾಗೆ. ಸಿಯೆನಾ ಕಡೆ ಪೀಚಿ ಎಂಬ ದಪ್ಪ ಶಾವಿಗೆ ಇದೆ, ಸಾಮಾನ್ಯವಾಗಿ ಹಿಟ್ಟು ನೀರಿನದೇ, ಆದರೂ ಮೊಟ್ಟೆ ಹಾಕಿದ್ದೀರಾ ಅಂತ ಕೇಳಿ. ಟಾಲಿಯಾಟೆಲೆ ಎಂಬ ಪಟ್ಟಿಯಂಥ ಶಾವಿಗೆ ತಾಜಾ ಇದ್ದರೆ ಅದರಲ್ಲಿ ಮೊಟ್ಟೆ ಇರುತ್ತದೆ. ರಿಬೊಲ್ಲೀಟಾ ಎಂಬ ಕಾಳು-ಸೊಪ್ಪಿನ ಸೂಪಿಗೆ ಕೆಲವು ಕಡೆ ಮಾಂಸದ ಸಾರು ಬಳಸುತ್ತಾರೆ, ಅದನ್ನೂ ವಿಚಾರಿಸಿ. ಚೀಸ್ ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಪಾರ್ಮಿಜಾನೊಗೆ, ಬಹಳಷ್ಟು ಪೆಕೊರಿನೊಗೆ ಹಾಲು ಒಡೆಸಲು ಕರುವಿನ ಇಲ್ಲವೇ ಕುರಿಮರಿಯ ಹೊಟ್ಟೆಯಿಂದ ತೆಗೆದ ಪದಾರ್ಥ ಹಾಕುತ್ತಾರೆ. ಬೇಡವಾದರೆ ಆರ್ಡರ್ ಕೊಡುವಾಗಲೇ ಚೀಸ್ ಹಾಕಬೇಡಿ ಅನ್ನಿ.

ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕಲ್ಲ, ಅದು ಅವರ ಪದ್ಧತಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ, ಆ ಬ್ರೆಡ್ಡಿಗೆ ಆಲಿವ್ ಎಣ್ಣೆ ಜೊತೆ ಭಾಳ ರುಚಿ. ಆದರೆ ಕುಂದಾ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಏರ್‌ಪೋರ್ಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಕಾರು ಬಾಡಿಗೆಗೆ ತಗೊಂಡು ಸುತ್ತಬಹುದಾ?
– ಓದುಗರು, ಬಾಗಲಕೋಟೆ

ಉತ್ತರ: ಸಿಯೆನಾ ಕಡೆಯ ಓರ್ಚಾ ಕಣಿವೆಗೆ, ಅಲ್ಲಿನ ಪಿಯೆಂಜಾಗೆ ಹೋಗೋದಾದರೆ ಕಾರೇ ಒಳ್ಳೇದು, ಬಸ್ಸು ಕಡಿಮೆ. ಪಿಯೆಂಜಾ ಅನ್ನೋದು ಪೋಪ್ 2ನೇ ಪಯಸ್ 1459ರಿಂದ ಹೊಸದಾಗಿ ಕಟ್ಟಿಸಿದ ಅವರದೇ ಹುಟ್ಟೂರು, ಚರ್ಚಿನ ಹಿಂದಿನ ಓಣಿಯಿಂದ ಇಡೀ ಕಣಿವೆ ಕಾಣುತ್ತದೆ. ಹೊರಡುವ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ನಮ್ಮ ಲೈಸೆನ್ಸ್ ಒಂದೇ ಸಾಲದು. ಹಳೇ ಊರುಗಳ ಒಳಗೆ ಹೊರಗಿನ ಕಾರಿಗೆ ಪ್ರವೇಶವಿಲ್ಲ, ಕ್ಯಾಮೆರಾ ಇರುತ್ತದೆ, ದಂಡದ ನೋಟಿಸ್ ತಿಂಗಳುಗಳ ಮೇಲೆ ಮನೆಗೆ ಬರಬಹುದು. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ, ಕೆಳಗೆ ಝಡ್‌ಟಿಎಲ್ ಅಂತ ಬರೆದಿದ್ದರೆ ಅಲ್ಲಿಂದಲೇ ತಿರುಗಿಸಿ, ಗೋಡೆ ಹೊರಗೆ ಪಾರ್ಕ್ ಮಾಡಿ ನಡೆದು ಹೋಗಿ. ಫ್ಲಾರೆನ್ಸ್‌ಗಂತೂ ಕಾರು ಬೇಡವೇ ಬೇಡ. ಸಿಯೆನಾದಲ್ಲಿ ತಗೊಂಡು, ಕಣಿವೆ ಸುತ್ತಿ, ಅಲ್ಲೇ ವಾಪಸ್ ಕೊಟ್ಟುಬಿಡಿ.